ಗೋಧಿಕಾಳಿನಷ್ಟು ದೀಪ

ದೀಪವು ಆರಿತೆಂದು ಬಾಯಿಬಿಟ್ಟು ಹೇಳಲಿಕ್ಕೆ ನಮ್ಮ ಸೀಮೆಯ ಗೃಹಿಣಿಯರು ಒಲ್ಲರು. ದೀಪ ಶಾಂತವಾಯಿತು ಎನ್ನುವರು. ಸಂಸ್ಕೃತದಲ್ಲಿಯೂ ದೀಪವು ನಂದುವದಕ್ಕೆ ನಿರ್ವಾಣವೆಂಬ ಶಬ್ದವು ಸಲ್ಲುತ್ತದೆ. ಮಹಾಪುರುಷರ ಮುಕ್ತಿಗೂ ಮನೆಯ ಹಣತೆಯ ಕುಡಿಗೂ ಒಂದೇ ಮಾತು. ದೇವರ ಮುಂದಿನ ನಂದಾದೀಪಕ್ಕೆ ಸಲ್ಲುವ ಈ ಮರ್ಯಾದೆಯು ಮಕ್ಕಳ ಆಟಿಗೆಯ ದೀಪಕ್ಕೂ ಸಲ್ಲಬೇಕೇ ಎಂದು ವಾಚಕರು ನಕ್ಕಾರು. ನಗಲಿ, ಅಡ್ಡಿಯಿಲ್ಲ. ಈ ತಿಂಗಳು ನಾವು ಬರೆಯ ಹೊರಟದ್ದು ಅಂಥ ದೀಪವನ್ನು ಕುರಿತೇ. ಹಳಿಯ ಮೇಲೆ ಓಡುವ ಪುಟ್ಟ ರೈಲುಬಂಡಿಯ ಎಂಜಿನ್ನಿನ ಮುಂದೀಪವು ಶಾಂತವಾದರೆ ಅದನ್ನು ಪುನಃ ಹೊತ್ತಿಸುವ ಬಗೆ ಹೇಗೆ ಎಂಬುದೇ ವಿಷಯ.

ನಮ್ಮ ಈ ಐದು ತಾಲೂಕುಗಳಿಗೆ ರೈಲಿನ ಭಾಗ್ಯವು ಸಮನಾಗಿ ಹಂಚಿಕೆಯಾಗಿಲ್ಲ. ನಿಪ್ಪಾಣಿಯು ಪುಣೆ ಬೆಂಗಳೂರು ಹೆದ್ದಾರಿಯ ಮೇಲಿದ್ದರೂ ರೈಲಿನ ಶಿಳ್ಳು ಅಲ್ಲಿ ಕೇಳದು. ಅಥಣಿಯೂ ಹಾಗೆಯೇ. ಚಿಕ್ಕೋಡಿಗೆ ಸ್ಟೇಶನ್ನು ಇದೆಯೆಂದರೆ ಇದೆ; ಆದರೆ ಅದರ ಹೆಸರೇ ಚಿಕ್ಕೋಡಿ ರೋಡ, ಅಂದರೆ ಚಿಕ್ಕೋಡಿಗೆ ಹೋಗುವ ರಸ್ತೆಯು ಅಲ್ಲಿಂದ ಮುಂದೆ ಬಹಳ ಉದ್ದವಾಗಿದೆಯೆಂದು ತಿಳಿಯತಕ್ಕದ್ದು. ರಾಯಬಾಗ, ಚಿಂಚಲಿ, ಕುಡಚಿ, ಉಗಾರ ಖುರ್ದ, ಶೇಡಬಾಳ, ಇವು ಮಾತ್ರ ಮಿರಜದಿಂದ ಲೋಂಡೆಗೆ ಹೋಗುವ ದಾರಿಯ ಮೇಲೆ ಮಣಿಗಳಂತೆ ಪೋಣಿಸಿಕೊಂಡಿವೆ. ೧೮೮೨ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯವರು ಹಾಕಿದ ಹಳಿ ಇದು. ೧೯೦೮ರಲ್ಲಿ ಆ ಕಂಪನಿಯು ಮದ್ರಾಸಿನದರ ಜೊತೆಗೆ ಕೂಡಿ ಎಂ. ಎಸ್. ಎಂ. ಆಯಿತು; ೧೯೫೧ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಈಗ ಈ ಹಳಿಯು ೨೦೦೩ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪಿತವಾದ ನೈರುತ್ಯ ರೈಲ್ವೆಯ ಆಡಳಿತದಲ್ಲಿದೆ. ನೂರು ವರ್ಷ ಮೀಟರ್ ಗೇಜಾಗಿದ್ದ ದಾರಿಯು ೧೯೯೦ರ ದಶಕದಲ್ಲಿ ದೊಡ್ಡ ಹಳಿಗೆ ತಿರುಗಿತು. ಕುಡಚಿಗೂ ಉಗಾರಕ್ಕೂ ನಡುವೆ ಕೃಷ್ಣೆಯ ಸೇತುವೆಯನ್ನು ರಾತ್ರಿಯಲ್ಲಿ ದಾಟಿ ಬರುವ ಗಾಡಿಯ ದೀಪವನ್ನು ಕಬ್ಬಿನ ಹೊಲದಲ್ಲಿ ನಿಂತು ನೋಡಿದವರು ಈ ಸೀಮೆಯಲ್ಲಿ ಅನೇಕರಿದ್ದಾರೆ. ಅಗಿನಗಾಡಿಯನ್ನು ಮೊದಲು ಕಣ್ಣು, ಆಮೇಲೆ ಕಿವಿ, ಕಟ್ಟಕಡೆಗೆ ಕಾಲಿನ ಅಡಿಯ ನೆಲ ಅರಿಯುತ್ತದೆ.

ಅಥಣಿಯ ಗೃಹಸ್ಥರೊಬ್ಬರು ನಮಗೆ ಒಂದು ಪತ್ರ ಬರೆದಿದ್ದಾರೆ. ಅವರ ಅಣ್ಣನವರು ಇದೇ ಮಿರಜ ಲೋಂಡೆ ದಾರಿಯಲ್ಲಿ ಎಂಜಿನ್ ಡ್ರಾಯವರರಾಗಿದ್ದು ನಿವೃತ್ತರಾದವರು. ಮುಂಬಯಿಯ ಸ್ನೇಹಿತರೊಬ್ಬರಿಂದ ದೊರೆತ ಒಂದು ಪುಟ್ಟ ಉಗಿ ಎಂಜಿನ್ನು, ನಾಲ್ಕು ಡಬ್ಬಿ, ಒಂದು ಸುತ್ತಿನ ಹಳಿ, ಇಷ್ಟು ಅವರ ಆಸ್ತಿಯಲ್ಲಿ ಮಕ್ಕಳಿಗೆ ಅತ್ಯಂತ ಪ್ರಿಯವಾದ ಭಾಗ. ಸಂಜೆ ಕೈಕಾಲು ತೊಳೆದುಕೊಂಡು ಪಡಸಾಲೆಯ ದೀಪಗಳನ್ನೆಲ್ಲ ಕಳೆದು, ಕತ್ತಲಲ್ಲಿ ಆ ಗಾಡಿಯನ್ನು ಓಡಿಸಿ ಮನೆಯ ಮಕ್ಕಳಿಗೆ ತೋರಿಸುವದು ಅವರ ರೂಢಿಯಾಗಿತ್ತಂತೆ. ಅವರು ತೀರಿಕೊಂಡು ಎರಡು ವರ್ಷವಾಯಿತು. ಹೋದ ನವರಾತ್ರಿಯಲ್ಲಿ ಮಕ್ಕಳು ಪೆಟ್ಟಿಗೆ ತೆಗೆದು ಓಡಿಸಿದರು. ಗಾಡಿಯು ಓಡಿತು, ದೀಪ ಮಾತ್ರ ಹೊತ್ತಲಿಲ್ಲ. ಆಗ ಅವರ ವೈನಿಯವರು ಒಳಗಿನಿಂದ ಬಂದು, "ದೀಪ ಇಲ್ಲದ ಗಾಡಿ ಅವರು ಎಂದೂ ಹೊರಡಿಸಿದವರಲ್ಲ. ದೀಪ ಹತ್ತಿದ ಮ್ಯಾಲೆ ಓಡಸ್ರಿ, ಇಲ್ಲಂದ್ರ ಅಲ್ಲೇ ನಿಲ್ಲಲಿ" ಎಂದು ಹೇಳಿ ಪೆಟ್ಟಿಗೆಯನ್ನು ಮುಚ್ಚಿಸಿಬಿಟ್ಟರು. ಆಟಿಗೆಯ ಅಂಗಡಿಯೊಂದರಲ್ಲಿ ಕೇಳಿದರೆ, ಇದರ ಬಲ್ಬು ಎಲ್ಲಿಯೂ ಸಿಗದು, ಬೇರೆ ಹೊಸ ಗಾಡಿ ತೆಗೆದುಕೊಳ್ಳಿರಿ ಎಂದರಂತೆ. ಮನೆಯಲ್ಲಿಯೇ ಬಿಚ್ಚಬೇಕೆಂದರೆ ಕೈ ಬಾರದು. ಬಿಚ್ಚಿ ಕೆಡಿಸಿದರೆ ಅಣ್ಣನ ಕೈಯಿಂದ ಓಡಿದ ಕೊನೆಯ ವಸ್ತುವನ್ನೂ ನಾವೇ ನಿಲ್ಲಿಸಿದಂತಾದೀತು ಎಂಬ ಅವರ ಭಯವು ಪತ್ರದ ಅಕ್ಷರಗಳಲ್ಲಿಯೇ ಕಾಣುತ್ತದೆ.

ಆ ಮಾತೆಯ ಮಾತು ಬರಿಯ ಭಾವುಕತೆಯಲ್ಲವೆಂಬುದನ್ನು ಮೊದಲು ಹೇಳಿಬಿಡುವೆವು. ನಮ್ಮ ದೇಶದ ರೈಲ್ವೆ ನಿಯಮಗಳಲ್ಲಿಯೂ ರಾತ್ರಿಯ ವೇಳೆಯಲ್ಲಿ ಮುಂದೀಪವಿಲ್ಲದೆ ಎಂಜಿನ್ನು ಗಾಡಿಯನ್ನು ಎಳೆಯತಕ್ಕದ್ದಲ್ಲ. ನಡುದಾರಿಯಲ್ಲಿ ದೀಪ ಕೆಟ್ಟು ಬೇರೆ ಉಪಾಯವೇ ಇಲ್ಲದಿದ್ದರೆ, ಎರಡು ಬಿಳಿಯ ಸಣ್ಣ ದೀಪಗಳನ್ನು ಹೊತ್ತಿಸಿಕೊಂಡು ಗೊತ್ತುಪಡಿಸಿದ ಮಿತವೇಗದಲ್ಲಿ ಸಾಗಬೇಕು. ಎದುರಿನಿಂದ ಬೇರೆ ಗಾಡಿ ಬರುವಾಗ ಮುಂದೀಪವನ್ನು ಮಂದಮಾಡಬೇಕು. ಪಕ್ಕದ ಹಳಿಗೆ ಅಪಾಯವೊದಗಿದರೆ ಹಳದಿಯ ಮಿಣುಕುದೀಪವನ್ನು ಹಚ್ಚಿ ಎದುರಿನವನನ್ನು ಎಚ್ಚರಿಸಬೇಕು. ಹೀಗೆ ಎಂಜಿನ್ನಿನ ಮುಖದ ಮೇಲಿನ ದೀಪವು ಕಣ್ಣೂ ಹೌದು, ಬಾಯಿಯೂ ಹೌದು. ಇಂಗ್ಲಂಡದಲ್ಲಿ ಬಹುಕಾಲದವರೆಗೆ ಎಂಜಿನ್ನಿನ ಮುಂದೆ ಇಡುತ್ತಿದ್ದ ಎಣ್ಣೆಯ ದೀಪಗಳು ಡ್ರಾಯವರನಿಗೆ ದಾರಿ ಕಾಣಲೆಂದು ಇದ್ದವಲ್ಲ; ಬರುವದು ಎಂಥ ಗಾಡಿಯೆಂಬುದನ್ನು ಸಿಗ್ನಲ್ಲಿನವನು ದೂರದಿಂದಲೇ ಅರಿಯಲೆಂದು ಇದ್ದವು. ಅಲ್ಲಿ ಹಳಿಯ ಎರಡೂ ಕಡೆಗೆ ಬೇಲಿ. ಬೇಲಿಯಿಲ್ಲದ ಬಯಲಿನ ಅಮೇರಿಕೆಯಲ್ಲಿ ದನಕರು ಅಡ್ಡ ಬರುವ ಭಯವಿದ್ದುದರಿಂದ ಪ್ರಖರವಾದ ದೊಡ್ಡ ದೀಪ ಬೇಕಾಯಿತು. ನಮ್ಮ ಉಗಿ ಎಂಜಿನ್ನುಗಳಲ್ಲಿ ವಿದ್ಯುದ್ದೀಪವು ಬಂದಾಗ, ಬಾಯ್ಲರಿನ ಉಗಿಯಿಂದಲೇ ತಿರುಗುವ ಒಂದು ಚಿಕ್ಕ ಯಂತ್ರವು ಆ ದೀಪಕ್ಕೆ ವಿದ್ಯುತ್ತನ್ನು ಹುಟ್ಟಿಸುತ್ತಿತ್ತು. ಮಕ್ಕಳಿಗೆ ನಿಜವಾದ ಎಂಜಿನ್ನಿನ ಮುಖವನ್ನು ಹತ್ತಿರದಿಂದ ತೋರಿಸಬೇಕೆಂದಿರುವವರು ೧೯೭೯ರಲ್ಲಿ ತೆರೆದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಅಷ್ಟು ದೂರ ಬೇಡವೆಂದರೆ ೨೦೨೦ರಲ್ಲಿ ತೆರೆದ ಹುಬ್ಬಳ್ಳಿಯದಿದೆ.

ಇನ್ನು ಆಟದ ಗಾಡಿಯ ಅಳತೆ. ಲೋಕದಲ್ಲಿ ಬಹಳ ಪ್ರಚಾರದಲ್ಲಿರುವ ಎಚ್‌ಓ ಎಂಬ ಪ್ರಮಾಣದಲ್ಲಿ ನಿಜವಾದ ವಸ್ತುವಿನ ೮೭ರಲ್ಲಿ ಒಂದು ಪಾಲು ಮಾತ್ರ ಇರುವದು. ಒಂದು ಅಡಿ ಅಗಲವಾದ ಮುಂದೀಪವಿದ್ದರೆ ಈ ಪ್ರಮಾಣದಲ್ಲಿ ಅದು ಮೂರೂವರೆ ಮಿಲಿಮೀಟರು, ಅಂದರೆ ಒಂದು ಗೋಧಿಕಾಳಿನ ದಪ್ಪ. ಇಂಥ ದೀಪಗಳಿಗೆ ಪರದೇಶದವರು ಇಟ್ಟಿರುವ ಹೆಸರುಗಳನ್ನು ಕೇಳಿ ನಮಗೆ ಬಹಳ ಸಂತೋಷವಾಯಿತು: ದೊಡ್ಡದಕ್ಕೆ ಗೋಧಿಕಾಳಿನ ಬಲ್ಬು, ಅದಕ್ಕೂ ಸಣ್ಣದಕ್ಕೆ ಅಕ್ಕಿಕಾಳಿನ ಬಲ್ಬು. ನಮ್ಮ ಸೀಮೆಯವರು ಹೆಸರಿಟ್ಟಿದ್ದರೆ ನಡುವೆ ಜೋಳದ ಕಾಳಿಗೂ ಒಂದು ಸ್ಥಾನ ದೊರೆಯುತ್ತಿತ್ತು. ಇನ್ನೊಂದು ಚಮತ್ಕಾರ. ಎಚ್‌ಓ ಹಳಿಯ ಅಗಲ ೧೬.೫ ಮಿಲಿಮೀಟರು, ಇದು ಯೂರೋಪಿನ ಹಳಿಯ ಲೆಕ್ಕ. ನಮ್ಮ ದೊಡ್ಡ ಹಳಿಯ ೧೬೭೬ ಮಿಲಿಮೀಟರನ್ನು ೮೭ರಿಂದ ಭಾಗಿಸಿದರೆ ೧೯ಕ್ಕಿಂತ ಹೆಚ್ಚು ಬರುವದು. ಆದಕಾರಣ ನಮ್ಮ ಎಂಜಿನ್ನುಗಳ ಪ್ರತಿಕೃತಿಯನ್ನು ಆ ಹಳಿಯ ಮೇಲಿಟ್ಟರೆ ದೊಡ್ಡ ದೇಹಕ್ಕೆ ಚಿಕ್ಕ ಪಾದವಿದ್ದಂತೆ ತೋರುವದು.

ಈ ವಿದ್ಯೆಯನ್ನು ಕಣ್ಣಾರೆ ಕಾಣಬೇಕೆನ್ನುವವರಿಗೆ ಪುಣೆಯು ನಿಪ್ಪಾಣಿಯಿಂದ ದೂರವೇನಲ್ಲ. ಅಲ್ಲಿಯ ಕೊಥರೂಡದಲ್ಲಿ ಬಿ. ಎಸ್. ಜೋಶಿಯವರು ಕಟ್ಟಿದ ಪುಟ್ಟ ರೈಲುಗಳ ಸಂಗ್ರಹಾಲಯವು ೧೯೯೮ರ ಏಪ್ರಿಲ್ ೧ರಂದು ತೆರೆಯಿತು. ಸಿಗ್ನಲ್ಲು, ಸ್ಟೇಶನ್ನು, ಬೀದಿದೀಪ ಸಹಿತವಾದ ಒಂದು ಊರೇ ಅಲ್ಲಿದೆ. ಒಬ್ಬ ಮನುಷ್ಯನು ತನ್ನ ಬಾಲ್ಯದ ಹುಚ್ಚನ್ನು ಬಿಡದೆ ಸಾಕಿದರೆ ಅದು ಊರವರಿಗೆಲ್ಲ ಉಪಯೋಗವಾಗುವ ರೀತಿ ಇದು.

ಇರಲಿ, ಪ್ರಕೃತಕ್ಕೆ ಬರೋಣ. ದೀಪ ಹೊತ್ತಲಿಲ್ಲವೆಂದ ಕೂಡಲೆ ತಿರುಪುಗಳಿಗೆ ಕೈ ಹಚ್ಚಬಾರದು. ಬಲ್ಬು ಸುಟ್ಟಿದೆಯೆಂದು ನಂಬುವ ಮೊದಲು, ಬಲ್ಬಿಗೆ ವಿದ್ಯುತ್ತು ಮುಟ್ಟುತ್ತಿದೆಯೇ ಎಂಬುದನ್ನು ನೋಡತಕ್ಕದ್ದು. ಈ ಗಾಡಿಗಳಲ್ಲಿ ವಿದ್ಯುತ್ತು ಹಳಿಯಿಂದ ಗಾಲಿಗೆ, ಗಾಲಿಯಿಂದ ತೆಳುವಾದ ಹಿತ್ತಾಳೆಯ ಪಟ್ಟಿಗೆ, ಪಟ್ಟಿಯಿಂದ ಮೋಟರಿಗೂ ದೀಪಕ್ಕೂ ಹೋಗುವದು. ಹಳಿಯ ಮೇಲಿನ ಧೂಳು, ಗಾಲಿಗೆ ಹತ್ತಿದ ಎಣ್ಣೆಯ ಜಿಡ್ಡು, ಪಟ್ಟಿಯ ಕಿಲುಬು, ಇವುಗಳಲ್ಲಿ ಯಾವುದೊಂದಿದ್ದರೂ ಗಾಡಿಯು ಕುಂಟುವದು, ದೀಪವು ಮಿಣುಕುವದು. ಔಷಧದ ಅಂಗಡಿಯಲ್ಲಿ ಐಸೋಪ್ರೊಪಿಲ್ ಆಲ್ಕೋಹಾಲ್ ಕೇಳಿ ತಂದು, ಹತ್ತಿಯ ಕಡ್ಡಿಗೆ ಹಚ್ಚಿ, ಗಾಲಿಗಳನ್ನೂ ಹಳಿಯನ್ನೂ ಒರೆಸಬೇಕು. ಹತ್ತಿರ ದೇವರ ದೀಪವಾಗಲಿ ಒಲೆಯಾಗಲಿ ಇರಬಾರದು; ಅದು ಬೇಗ ಹತ್ತಿಕೊಳ್ಳುವ ದ್ರವ. ಮರಳಕಾಗದದಿಂದ ತಿಕ್ಕುವವರಿದ್ದಾರೆ, ಅದು ಸರಿಯಲ್ಲ. ಗೀರು ಬಿದ್ದ ಗಾಲಿಯು ಮೊದಲಿಗಿಂತ ಬೇಗ ಹೊಲಸನ್ನು ಹಿಡಿಯುವದು. ಮನೆಯಲ್ಲಿ ಶಾಂತವಾದ ಇಂಥ ದೀಪಗಳಲ್ಲಿ ಎಷ್ಟೋ ಇಷ್ಟಕ್ಕೇ ಜೀವ ತಳೆಯುವವು.

ಒರೆಸಿದ ಮೇಲೂ ಹೊತ್ತದಿದ್ದರೆ ಬಿಚ್ಚಲೇಬೇಕು. ಬಿಚ್ಚುವದೆಂದರೆ ಎಳೆಯುವದಲ್ಲ. ಮೇಜಿನ ಮೇಲೆ ದಪ್ಪನೆಯ ಬಿಳಿಯ ಬಟ್ಟೆ ಹಾಸಿ, ಎಂಜಿನ್ನನ್ನು ಅಂಗಾತ ಮಲಗಿಸಿ, ಹೊಟ್ಟೆಯ ಕೆಳಗೆ ತಿರುಪುಗಳೆಲ್ಲಿವೆಯೆಂದು ನೋಡಬೇಕು. ಕೆಲವಕ್ಕೆ ತಿರುಪೇ ಇರುವದಿಲ್ಲ. ಮೈಯ ಎರಡು ಪಕ್ಕಗಳನ್ನು ಉಗುರಿನಿಂದ ಸ್ವಲ್ಪ ಅಗಲಿಸಿದರೆ ಒಳಗಿನ ಕೊಕ್ಕೆ ಬಿಟ್ಟುಕೊಳ್ಳುವದು. ಒಂದೊಂದು ತಿರುಪು ತೆಗೆದಂತೆ ಒಂದೊಂದು ವಾಟಗದಲ್ಲಿ ಹಾಕಿಡಬೇಕು. ಮುಂದಿನದೂ ಹಿಂದಿನದೂ ಉದ್ದದಲ್ಲಿ ಬೇರೆಯಾಗಿರುವದುಂಟು. ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಇರುವದರಿಂದ ಹೆಜ್ಜೆ ಹೆಜ್ಜೆಗೆ ಒಂದು ಚಿತ್ರ ತೆಗೆದುಕೊಳ್ಳುವದು ಉತ್ತಮ. ಯಾವ ತಂತಿ ಎಲ್ಲಿತ್ತೆಂಬುದಕ್ಕೆ ಸ್ಮೃತಿಗಿಂತ ಚಿತ್ರವೇ ಬಲವಾದ ಪ್ರಮಾಣ. ಮೈಯನ್ನು ಎತ್ತುವಾಗ ಮೆಲ್ಲಗೆ ಎತ್ತಬೇಕು. ಕೆಲವು ಎಂಜಿನ್ನುಗಳಲ್ಲಿ ದೀಪವು ಮೈಗೆ ಅಂಟಿಕೊಂಡಿದ್ದು ತಂತಿಯು ಕೆಳಗಿನ ಚೌಕಟ್ಟಿಗೆ ಬೆಸೆದಿರುವದು. ಕೈ ನಡುಗುವ ನಮ್ಮ ವಯಸ್ಸಿನವರು ಊರಿನ ಗಡಿಯಾರ ರಿಪೇರಿಯವರ ಅಥವಾ ಪತ್ತಾರರ ಸಹಾಯವನ್ನು ಬೇಡಲಿಕ್ಕೆ ಸಂಕೋಚಪಡಬಾರದು. ಅವರ ಕಣ್ಣಿನ ಭೂತಗನ್ನಡಿಯೂ ಚಿಮಟಿಯೂ ಇಂಥ ಕೆಲಸಕ್ಕಾಗಿಯೇ ಹುಟ್ಟಿದಂತಿವೆ.

ಒಳಗೆ ಕಾಣುವ ದೀಪವು ಹಲವು ಬಗೆಯದಾಗಿರಬಹುದು. ಹಳೆಯ ದೊಡ್ಡ ತಗಡಿನ ಗಾಡಿಗಳಲ್ಲಿ ಕೈಬ್ಯಾಟರಿಯ ಬಲ್ಬಿನಂತೆ ಸುತ್ತು ಕೊರೆದ ಬುಡವಿರುವದು. ಅದನ್ನು ತಿರುಗಿಸಿ ತೆಗೆದು ತಿರುಗಿಸಿ ಹಾಕಿದರಾಯಿತು. ಗೋಧಿಕಾಳಿನ ಬಲ್ಬಿಗೆ ಬುಡವಿಲ್ಲ. ಗಾಜಿನ ಹಿಂದಿನಿಂದ ಎರಡು ತೆಳುವಾದ ತಂತಿಗಳು ಹೊರಟಿರುವವು. ಇತ್ತೀಚಿನವುಗಳಲ್ಲಿ ಎಲ್‌ಈಡಿ ಎಂಬ ಬಣ್ಣವಿಲ್ಲದ ಮಣಿಯಿರುವದು, ಅಥವಾ ಚಿಕ್ಕ ಹಸಿರು ಹಲಗೆಯ ಮೇಲೆ ಎಳ್ಳಿನಷ್ಟು ಬೆಳಕಿನ ಚುಕ್ಕೆಯಿದ್ದು, ಅದರಿಂದ ಗಾಜಿನಂಥ ಒಂದು ಕಡ್ಡಿಯು ಬೆಳಕನ್ನು ಮೂತಿಯವರೆಗೆ ಒಯ್ಯುವದು. ಈ ಕಡೆಯ ಬಗೆಯಲ್ಲಿ ಎಷ್ಟೋ ಸಾರೆ ದೀಪ ಸರಿಯಿದ್ದು ಕಡ್ಡಿಯು ಜಾರಿರುತ್ತದೆ.

ತಂತಿಯ ದೀಪದ ಗಾಜು ಕರ್ರಗಾಗಿದ್ದರೆ ಅಥವಾ ಒಳಗಿನ ಎಳೆ ಕಡಿದು ಜೋತುಬಿದ್ದಿದ್ದರೆ ಮತ್ತೆ ಪರೀಕ್ಷೆ ಬೇಡ. ಹಾಗೆ ಕಾಣದಿದ್ದರೆ ತಂತಿಗಳನ್ನು ಬಿಡಿಸಿ ಬ್ಯಾಟರಿಯ ಸೆಲ್ಲಿಗೆ ಮುಟ್ಟಿಸಿ ನೋಡಬೇಕು. ಹೊಸ ಬಲ್ಬನ್ನು ತಂದಾಗಲೂ ಇದೇ ಪರೀಕ್ಷೆ. ಇಲ್ಲಿ ಒಂದು ಕ್ರಮವಿದೆ, ಅದನ್ನು ಮೀರಬಾರದು. ಮೊದಲು ಒಂದೇ ಸೆಲ್ಲು, ಅಂದರೆ ಒಂದೂವರೆ ವೋಲ್ಟು. ಅಷ್ಟಕ್ಕೇ ಬಲ್ಬು ಪೂರ್ಣವಾಗಿ ಬೆಳಗಿದರೆ ಅದು ಒಂದೂವರೆ ವೋಲ್ಟಿನ ಜಾತಿಯದು, ಅಲ್ಲಿಗೇ ನಿಲ್ಲಬೇಕು. ಬೆಳಗದಿದ್ದರೆ ಎರಡು ಸೆಲ್ಲು, ನಾಲ್ಕು ಸೆಲ್ಲು, ಆಮೇಲೆ ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ. ಹನ್ನೆರಡು ವೋಲ್ಟಿನ ಬಲ್ಬು ಒಂಬತ್ತಕ್ಕೆ ಕೆಂಪು ಹಳದಿಯಾಗಿ ಹೊತ್ತುವದು. ಇದನ್ನು ತಿರುಗುಮುರುಗು ಮಾಡಿ ಮೊದಲೇ ಒಂಬತ್ತು ವೋಲ್ಟು ಕೊಟ್ಟರೆ, ಒಂದೂವರೆ ವೋಲ್ಟಿನ ಬಲ್ಬು ಒಂದು ಸಾರೆ ಮಿಂಚಿ ಶಾಶ್ವತವಾಗಿ ಶಾಂತವಾಗುವದು. ದೀಪಾವಳಿಯ ಸರದಿಂದ ಬಲ್ಬು ಕತ್ತರಿಸಿ ಉಪಯೋಗಿಸುವವರು ಅದನ್ನೂ ಹೀಗೆಯೇ ಸೆಲ್ಲಿನಿಂದ ಪರೀಕ್ಷಿಸಬೇಕಲ್ಲದೆ ಗೋಡೆಯ ಪ್ಲಗ್ಗಿನ ಹತ್ತಿರ ಹೋಗಕೂಡದು. ಗೋಡೆಯಲ್ಲಿರುವದು ೨೩೦ ವೋಲ್ಟು. ಆಟದ ಹಳಿಯ ಮೇಲಿರುವದು ಹೆಚ್ಚೆಂದರೆ ಹದಿನೈದು ಇಪ್ಪತ್ತರೊಳಗೆ. ಇವೆರಡರ ನಡುವಿನ ಅಂತರವು ಆಟಕ್ಕೂ ಅಪಘಾತಕ್ಕೂ ನಡುವಿನ ಅಂತರ.

ಈ ಮಾತಿನೊಡನೆ ಇನ್ನೊಂದನ್ನೂ ಇಲ್ಲಿಯೇ ಹೇಳಿಬಿಡಬೇಕು. ಮಗನೋ ಅಳಿಯನೋ ಅಮೇರಿಕೆಯಿಂದ ತಂದ ಗಾಡಿಯ ಜೊತೆಗೆ ಬರುವ ಟ್ರಾನ್ಸ್‌ಫಾರ್ಮರು ಅನೇಕ ಸಾರೆ ಅಲ್ಲಿಯ ೧೨೦ ವೋಲ್ಟಿಗೆ ಮಾತ್ರ ಹೊಂದುವಂಥದು. ಅದನ್ನು ನಮ್ಮ ಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಗಾಡಿಯ ಬಲ್ಬು ಉಳಿಯುವ ಮಾತು ದೂರ, ಟ್ರಾನ್ಸ್‌ಫಾರ್ಮರೇ ಹೊಗೆಯಾಡುವದು, ಬೆಂಕಿಯೂ ಹತ್ತಬಹುದು. ಅದರ ಬೆನ್ನಿನ ಮೇಲಿನ ಸಣ್ಣ ಅಕ್ಷರಗಳಲ್ಲಿ ೧೦೦ರಿಂದ ೨೪೦ ಎಂದು ಇದ್ದರೆ ಮಾತ್ರ ನಿರ್ಭಯ. ಹಬ್ಬದ ದಿನ ಮಕ್ಕಳ ಅವಸರಕ್ಕೆ ಸೋತು ಇದನ್ನು ಓದದೆ ಸಿಕ್ಕಿಸುವ ಹಿರಿಯರು ಬಹಳ.

ಹೊಸ ಬಲ್ಬನ್ನು ಆರಿಸುವಾಗ ವೋಲ್ಟು ಒಂದನ್ನೇ ನೋಡಿದರೆ ಸಾಲದು. ಅದು ಕುಡಿಯುವ ಪ್ರವಾಹ ಎಷ್ಟೆಂಬುದನ್ನೂ ನೋಡಬೇಕು. ಹನ್ನೆರಡು ವೋಲ್ಟಿನ ಬಲ್ಬು ಸಿಕ್ಕರೆ ನೇರವಾಗಿ ಹಾಕಬಹುದು. ಒಂದೂವರೆ ವೋಲ್ಟಿನ ಅಕ್ಕಿಕಾಳು ಮಾತ್ರ ಸಿಕ್ಕರೆ ಅದರ ದಾರಿಯಲ್ಲಿ ರೆಸಿಸ್ಟರ್ ಎಂಬ ತಡೆಯನ್ನು ಇಡಬೇಕು. ಲೆಕ್ಕವು ಏಳನೆಯ ಇಯತ್ತೆಯ ಹುಡುಗನಿಗೆ ಸಾಧ್ಯವಾದದ್ದು. ಹನ್ನೆರಡರಲ್ಲಿ ಒಂದೂವರೆ ಕಳೆದರೆ ಉಳಿದದ್ದು ಹತ್ತೂವರೆ ವೋಲ್ಟು. ಬಲ್ಬು ೧೫ ಮಿಲಿ ಆಂಪಿಯರಿನದಾದರೆ ಹತ್ತೂವರೆಯನ್ನು ೦.೦೧೫ರಿಂದ ಭಾಗಿಸಬೇಕು, ೭೦೦ ಓಮ್ ಬಂತು. ಅಂಗಡಿಯಲ್ಲಿ ಸರಿಯಾಗಿ ೭೦೦ ಸಿಗದು. ೭೫೦ ಅಥವಾ ೮೨೦ ತೆಗೆದುಕೊಳ್ಳಬೇಕು, ಕಡಮೆಯದನ್ನಲ್ಲ. ೩೦ ಮಿಲಿ ಆಂಪಿಯರಿನ ಬಲ್ಬಾದರೆ ೩೫೦ ಓಮ್, ಅಂದರೆ ಅಂಗಡಿಯ ೩೯೦. ಆಗ ತಡೆಯು ಕಾಲು ವ್ಯಾಟಿನದಾದರೆ ಬಿಸಿಯಾಗಿ ಪ್ಲಾಸ್ಟಿಕ್ಕನ್ನು ಕರಗಿಸೀತು, ಅರ್ಧ ವ್ಯಾಟಿನದು ಬೇಕು.

ಎಳೆಯ ಬಲ್ಬಿನ ಸ್ವಭಾವದಲ್ಲಿ ಒಂದು ವಿಶೇಷವುಂಟು. ಅದಕ್ಕೆ ಹೊಟ್ಟೆ ತುಂಬ ಉಣಿಸಿದರೆ ಬೇಗ ಸಾಯುವದು. ಸ್ವಲ್ಪ ಹಸಿವು ಇಟ್ಟರೆ ಬಹುಕಾಲ ಬಾಳುವದು. ನೂರಕ್ಕೆ ಐದರಷ್ಟು ವೋಲ್ಟು ಕಡಮೆ ಮಾಡಿದರೆ ಆಯುಷ್ಯವು ಹೆಚ್ಚು ಕಡಮೆ ಇಮ್ಮಡಿಯಾಗುವದು; ಬೆಳಕು ಮಾತ್ರ ನೂರಕ್ಕೆ ಹದಿನೈದು ಹದಿನಾರರಷ್ಟು ಕುಂದುವದು. ಇದು ಆಯುರ್ವೇದದ ಮಿತಾಹಾರಕ್ಕೆ ಬಹಳ ಹತ್ತಿರ.

ಬಲ್ಬನ್ನು ಕೂಡ್ರಿಸುವಾಗ ಗಾಜು ಪ್ಲಾಸ್ಟಿಕ್ಕಿನ ಮೈಗೆ ತಗುಲದಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಎಂಜಿನ್ನಿನ ಮೂತಿಯು ಮೇಣದಂತೆ ಬಾಗುವದು. ಬೆಸೆದ ಕೀಲುಗಳಿಗೆ ಅಂಟುಪಟ್ಟಿಯನ್ನು ಸುತ್ತುವದಕ್ಕಿಂತ, ಕಾಯಿಸಿದರೆ ಕುಗ್ಗಿ ಅಪ್ಪಿಕೊಳ್ಳುವ ತೆಳುವಾದ ಕೊಳವೆಯನ್ನು ತೊಡಿಸುವದು ಲೇಸು. ಪಟ್ಟಿಯ ಅಂಟು ಬೇಸಿಗೆಯಲ್ಲಿ ಜಿನುಗಿ ಜಾರುವದು, ಅದರಲ್ಲಿಯೂ ನಮ್ಮ ಅಥಣಿ ರಾಯಬಾಗದ ಬೇಸಿಗೆಯಲ್ಲಿ. ಬೆಸುಗೆಯ ಸಾಧನವಿಲ್ಲದವರು ಮೊಬೈಲು ರಿಪೇರಿಯ ಅಂಗಡಿಗೆ ಹೋದರೆ ಐದು ನಿಮಿಷದ ಕೆಲಸ. ಅವರ ಕೈಯೂ ಸೂಕ್ಷ್ಮ, ಅವರ ಬೆಸುಗೆಯ ಮೊನೆಯೂ ಸೂಕ್ಷ್ಮ. ಆದರೆ ವೋಲ್ಟು ಎಷ್ಟು, ತಡೆ ಎಷ್ಟು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗತಕ್ಕದ್ದು. ಅವರಿಗೆ ಅಭ್ಯಾಸವಾದದ್ದು ಮೊಬೈಲಿನ ನಾಲ್ಕು ವೋಲ್ಟು.

ಎಲ್‌ಈಡಿಯನ್ನೇ ಹಾಕುವೆವೆಂದರೆ ಅದೂ ಸಾಧ್ಯ. ಇದು ಎಳೆ ಕಾದು ಬೆಳಗುವ ದೀಪವಲ್ಲ. ಆದಕಾರಣ ಶಾಖವು ಅತ್ಯಲ್ಪ, ಆಯುಷ್ಯವು ಅತಿದೀರ್ಘ. ಕೆಂಪು ಬೆಳಕಿನದು ೧೯೬೨ರಲ್ಲಿಯೇ ಹುಟ್ಟಿತ್ತು. ಬಿಳಿಯ ಬೆಳಕಿಗೆ ಬೇಕಾದ ನೀಲಿಯದು ಬಹಳ ತಡವಾಗಿ ಸಾಧಿಸಿತು. ಆ ಸಾಧನೆಗಾಗಿ ಜಪಾನ ದೇಶದಲ್ಲಿ ಹುಟ್ಟಿದ ಅಕಾಸಾಕಿ, ಅಮಾನೋ, ನಾಕಾಮುರಾ ಎಂಬ ಮೂವರಿಗೆ ೨೦೧೪ರಲ್ಲಿ ನೋಬೆಲ್ ಪಾರಿತೋಷಕವು ಬಂತು. ಬಿಳಿಯ ಎಲ್‌ಈಡಿಗೆ ಸುಮಾರು ಮೂರು ವೋಲ್ಟು ಸಾಕು. ಹನ್ನೆರಡು ವೋಲ್ಟಿನ ಹಳಿಗೆ ೧೦೦೦ ಓಮಿನ ಒಂದು ತಡೆಯಿಟ್ಟರೆ ೯ ಮಿಲಿ ಆಂಪಿಯರು ಹರಿದು ಬೇಕಾದಷ್ಟು ಬೆಳಕಾಗುವದು. ತಡೆಯಿಲ್ಲದೆ ಜೋಡಿಸಿದರೆ ಕ್ಷಣಮಾತ್ರದಲ್ಲಿ ಹೋಗುವದು. ಇದಕ್ಕೆ ಮುಖ ಬೆನ್ನುಗಳುಂಟು: ಉದ್ದ ಕಾಲು ಧನ, ಗಿಡ್ಡ ಕಾಲು ಋಣ. ತಿರುವು ಮುರುವಾದರೆ ಹೊತ್ತದು. ಈ ಜಾತಿಯ ಹಳಿಗಳಲ್ಲಿ ಗಾಡಿ ಹಿಂದಕ್ಕೆ ಹೋಗುವಾಗ ಧನ ಋಣಗಳು ಅದಲು ಬದಲಾಗುವದರಿಂದ, ಮುಂದೆ ಹೋಗುವಾಗ ಮಾತ್ರ ಮುಂದೀಪ ಹೊತ್ತುವ ಸೌಕರ್ಯವು ತಾನಾಗಿಯೇ ದೊರೆಯುವದು. ಆದರೆ ಉಲ್ಟಾ ವೋಲ್ಟನ್ನು ಎಲ್‌ಈಡಿಯು ಹೆಚ್ಚು ತಾಳದು. ಅದರ ರಕ್ಷಣೆಗೆ ಒಂದು ಡಯೋಡನ್ನು ದಾರಿಯಲ್ಲಿ ಸಾಲಾಗಿ ಸೇರಿಸುವದು ಬುದ್ಧಿವಂತಿಕೆ. ಬಣ್ಣದ ವಿಷಯದಲ್ಲಿ ನಮ್ಮ ಅಭಿಪ್ರಾಯವು ಸ್ಪಷ್ಟ. ಉಗಿ ಎಂಜಿನ್ನಿನ ಮುಖಕ್ಕೆ ನೀಲಿಮಿಶ್ರಿತ ಬಿಳುಪು ಒಪ್ಪದು. ವಾರ್ಮ್ ವ್ಹಾಯಿಟ್ ಎಂದು ಕೇಳಿ ತರಬೇಕು.

ಡಿಸಿಸಿ ಎಂಬ ಹೊಸ ಪದ್ಧತಿಯ ಗಾಡಿಗಳ ಮಾತು ಬೇರೆ. ಅವುಗಳಲ್ಲಿ ಹಳಿಯ ಮೇಲೆ ಯಾವಾಗಲೂ ಪೂರ್ಣ ವೋಲ್ಟು ಇದ್ದು, ಎಂಜಿನ್ನಿನ ಒಳಗಿನ ಚಿಕ್ಕ ಹಲಗೆಯು ಅಪ್ಪಣೆಯಂತೆ ಮೋಟರನ್ನೂ ದೀಪವನ್ನೂ ನಡೆಸುವದು. ಅಲ್ಲಿ ನೀಲಿ ತಂತಿ ಎಲ್ಲ ದೀಪಗಳಿಗೂ ಸಮಾನವಾದ ಧನ, ಬಿಳಿಯದು ಮುಂದೀಪಕ್ಕೆ, ಹಳದಿಯದು ಹಿಂದೀಪಕ್ಕೆ. ದೀಪದ ಯಾವ ತಂತಿಯೂ ಕಬ್ಬಿಣದ ಚೌಕಟ್ಟಿಗೆ ಮುಟ್ಟಬಾರದು. ಮುಟ್ಟಿದರೆ ಬಲ್ಬಿಗಿಂತ ನೂರು ಪಟ್ಟು ಬೆಲೆಯ ಹಲಗೆ ಹೋಗುವದು. ಜರ್ಮನಿಯ ಮೇರ್ಕ್ಲಿನ್ ಕಂಪನಿಯ ಹಳೆಯ ಗಾಡಿಗಳು ೧೬ ವೋಲ್ಟಿನವರೆಗಿನ ಪರ್ಯಾಯ ಪ್ರವಾಹದವು. ದಿಕ್ಕು ಬದಲಿಸುವಾಗ ೨೪ ವೋಲ್ಟಿನ ಒಂದು ಪೆಟ್ಟು ಬೀಳುವದು. ಅವಕ್ಕೆ ಹನ್ನೆರಡು ವೋಲ್ಟಿನ ಬಲ್ಬು ಹಾಕುವದು ಅಪವ್ಯಯ.

ಅಥಣಿಯ ಆ ಗೃಹಸ್ಥರಿಗೆ ನಾವು ಇದೇ ಕ್ರಮವನ್ನು ಅಂಚೆಯಲ್ಲಿ ಬರೆದು ಕಳಿಸಿದ್ದೆವು. ಗಾಲಿ ಒರೆಸಿದ ಮೇಲೆ ಗಾಡಿಯು ಮೊದಲಿಗಿಂತ ನುಣುಪಾಗಿ ಓಡಿತಂತೆ, ದೀಪ ಹೊತ್ತಲಿಲ್ಲ. ಗಡಿಯಾರ ರಿಪೇರಿಯವರೊಬ್ಬರ ಮೇಜಿನ ಮೇಲೆ ಬಿಚ್ಚಿಸಿದರು. ಗೋಧಿಕಾಳಿನ ಬಲ್ಬು, ಗಾಜು ಕರ್ರಗೆ, ಎಳೆ ಕಡಿದಿತ್ತು. ಅಲ್ಲಿಂದ ಮುಂದೆ ಮನೆಯಲ್ಲಿ ಎರಡು ಪಕ್ಷಗಳಾಗಿವೆ. ಬೆಳಗಾವಿಯಲ್ಲಿ ಇಂಜಿನಿಯರಿಂಗ ಓದುವ ಹಿರಿಯ ಹುಡುಗನು ಎಲ್‌ಈಡಿ ಹಾಕೋಣ, ಎಂದೆಂದಿಗೂ ಕೆಡದು ಎನ್ನುವನು. ಕಿರಿಯವಳು, ದೊಡ್ಡಪ್ಪನ ಗಾಡಿಯ ದೀಪ ಹಾಗಿರಲಿಲ್ಲ, ಗಾಡಿ ನಿಂತಾಗ ಕೆಂಡದಂತೆ ಆಗಿ, ಓಡತೊಡಗಿದಂತೆ ಮೆಲ್ಲಗೆ ಬೆಳಗುತ್ತಿತ್ತು ಎಂದು ಹಟ ಹಿಡಿದಿದ್ದಾಳೆ. ವೈನಿಯವರು ಎರಡೂ ಪಕ್ಷಕ್ಕೆ ಏನೂ ಹೇಳಿಲ್ಲವಂತೆ. ನಮ್ಮ ನಿರ್ಣಯವನ್ನು ಕೇಳಿದ್ದಾರೆ.

ಹುಡುಗನ ಶಾಸ್ತ್ರವು ಸರಿಯಾದದ್ದೇ. ಅವನದೇ ಆದ ಹೊಸ ಗಾಡಿಗೆ ನಾವೂ ಎಲ್‌ಈಡಿಯನ್ನೇ ಹೇಳುತ್ತಿದ್ದೆವು. ಆದರೆ ಹುಡುಗಿಯು ಕಂಡದ್ದೂ ಶಾಸ್ತ್ರವೇ ಆಗಿದೆ. ಈ ಹಳೆಯ ಗಾಡಿಗಳಲ್ಲಿ ವೇಗವೆಂದರೆ ವೋಲ್ಟು. ದೀಪವು ಮೋಟರಿನ ಪಕ್ಕದಲ್ಲಿಯೇ ಅದೇ ಹಳಿಯಿಂದ ಉಣ್ಣುವದರಿಂದ, ಗಾಡಿ ನಿಧಾನವಾದಂತೆ ಎಳೆಯು ಕೆಂಪಾಗಿ, ವೇಗ ಏರಿದಂತೆ ಹಳದಿಯಾಗಿ ಬಿಳುಪಾಗುವದು. ಎಲ್‌ಈಡಿಯು ಮೂರು ವೋಲ್ಟಿನ ಕೆಳಗೆ ಪೂರ್ತಿ ಕತ್ತಲಾಗಿದ್ದು ಆಮೇಲೆ ಒಮ್ಮೆಲೆ ಹೊತ್ತುವದು, ಬಣ್ಣವನ್ನು ಬದಲಿಸದು. ಆ ಮನೆಯವರು ಕತ್ತಲೆಯ ಪಡಸಾಲೆಯಲ್ಲಿ ವರ್ಷಗಟ್ಟಲೆ ನೋಡಿದ್ದು ಆ ಕೆಂಡವನ್ನು. ಆದುದರಿಂದ ಈ ಎಂಜಿನ್ನಿಗೆ ಗೋಧಿಕಾಳಿನ ಬಲ್ಬೇ ಆಗಬೇಕು: ಹನ್ನೆರಡು ವೋಲ್ಟಿನದು, ೫೦ ಮಿಲಿ ಆಂಪಿಯರಿನದು. ಅದರ ಜೊತೆಗೆ ೨೨ ಓಮಿನ ಒಂದು ತಡೆ. ಇದರಿಂದ ಒಂದು ವೋಲ್ಟಿನಷ್ಟು ಕಡಮೆಯಾಗಿ ಬೆಳಕು ಕಾಲುಭಾಗ ತಗ್ಗಿದರೂ ಆಯುಷ್ಯವು ಎರಡು ಮೂರು ಪಟ್ಟಾಗುವದು. ಮಿರಜ, ಕೊಲ್ಹಾಪುರ, ಬೆಳಗಾವಿಗಳಲ್ಲಿ ರೇಡಿಯೋ ಸಾಮಾನಿನ ಅಂಗಡಿಗಳನ್ನು ವಿಚಾರಿಸಬೇಕು. ಅಲ್ಲಿ ಸಿಗದಿದ್ದರೆ ಅಂಚೆಯಿಂದ ತರಿಸುವದು ಈಗ ಕಠಿಣವಲ್ಲ. ಒಂದಕ್ಕೆ ನಾಲ್ಕು ತರಿಸಿಟ್ಟುಕೊಳ್ಳತಕ್ಕದ್ದು. ಬೆಸುಗೆಯನ್ನು ಆ ಹುಡುಗನೇ ಮಾಡಲಿ, ಓದಿದ ವಿದ್ಯೆಯು ಮನೆಗೆ ಬರಲಿ.

ಮೈಯನ್ನು ಮುಚ್ಚುವ ಮೊದಲು ಇನ್ನೊಂದು ಕೆಲಸ. ಬೆರಳಗಲದ ಕಾಗದದ ಮೇಲೆ ಬಲ್ಬಿನ ವೋಲ್ಟು, ಪ್ರವಾಹ, ತಡೆಯ ಓಮು, ಹಾಕಿದ ತಿಥಿ ಅಥವಾ ತಾರೀಖು, ಹಾಕಿದವರ ಹೆಸರು, ಇಷ್ಟನ್ನು ಸಣ್ಣಕ್ಷರದಲ್ಲಿ ಬರೆದು, ಮೋಟರಿಗೂ ಬಲ್ಬಿಗೂ ದೂರವಾಗಿ ಡಬ್ಬಿಯ ಛತ್ತಿನ ಒಳಮೈಗೆ ಅಂಟಿಸಬೇಕು. ಎಂಜಿನ್ನಿನಲ್ಲಿ ಅಂಟಿಸಬಾರದು, ಅಲ್ಲಿ ಶಾಖವಿದೆ. ಅದರ ಹಿಂದಿನ ಮೊದಲನೆಯ ಡಬ್ಬಿಯಾದರೆ ಸಾಕು. ಉಳಿದ ಮೂರು ಬಲ್ಬುಗಳನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೆಟ್ಟಿಗೆಯಲ್ಲಿಟ್ಟು ಅದೇ ಪೆಟ್ಟಿಗೆಯ ಮೂಲೆಯಲ್ಲಿ ಇರಿಸಬೇಕು. ಸುಟ್ಟ ಹಳೆಯ ಬಲ್ಬನ್ನು ಏನು ಮಾಡಬೇಕೆಂದು ಕೇಳಿದ್ದಾರೆ. ಅದನ್ನು ವೈನಿಯವರನ್ನೇ ಕೇಳತಕ್ಕದ್ದು.